ಒಳಗಿನ ಚಿಲಕ

ಚೊಳಚಗುಡ್ಡದ ಹುಲ್ಲಪ್ಪನ ಕೈಗಳಿಗೆ ಸುಮ್ಮನಿರುವುದು ಗೊತ್ತಿರಲಿಲ್ಲ. ಬಾದಾಮಿಯ ಒಂದು ಕಚೇರಿಯಲ್ಲಿ ಅವನಿಗೆ ಸಿಪಾಯಿ ಕೆಲಸ. ಸಾಹೇಬರ ಮೇಜಿನ ಗಂಟೆ ಕೆಟ್ಟರೆ, ರಿಪೇರಿಯವನನ್ನು ಕರೆಯಲು ಹೇಳುವಷ್ಟರಲ್ಲಿ ಅದನ್ನು ಬಿಚ್ಚಿ ನೆಲದ ಮೇಲೆ ಹರವಿಕೊಂಡು ಕೂತಿರುತ್ತಿದ್ದ. ಸಂಜೆ ಸೈಕಲ್ ತುಳಿದು ಮನೆಗೆ ಬಂದರೆ, ಚಹಾ ಕುಡಿದ ಬಾಯಿ ಒರೆಸಿಕೊಳ್ಳುತ್ತಲೇ ಹಿತ್ತಲಿನ ತಗಡಿನ ಕೋಣೆ ಸೇರುತ್ತಿದ್ದ. ಅಪ್ಪನ ಕಾಲದಲ್ಲಿ ಅದು ಕುರಿಮರಿ ಕೂಡುವ ಜಾಗ. ಅಪ್ಪ ತೀರಿಕೊಂಡು ಕುರಿ ಮಾರಿಹೋದ ಮೇಲೆ ಹುಲ್ಲಪ್ಪ ಅದನ್ನು ತನ್ನದು ಮಾಡಿಕೊಂಡ. ಓಣಿಯವರು ಅದಕ್ಕೆ ‘ಹುಲ್ಲಪ್ಪನ ಕಾರಖಾನಿ’ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಗೌರವ ಎಷ್ಟು, ಚೇಷ್ಟೆ ಎಷ್ಟು ಎಂದು ಅವನು ಕೇಳಲು ಹೋಗಿರಲಿಲ್ಲ.

ಅಲ್ಲಿ ಹುಟ್ಟಿದ ವಸ್ತುಗಳ ಹಣೆಬರಹ ಒಂದೊಂದು ಥರ. ಸೈಕಲ್ಲಿನ ಚಕ್ರಕ್ಕೆ ಕದಿರು ಕಟ್ಟಿ ಉಣ್ಣೆ ನೂಲುವ ಯಂತ್ರ ಮಾಡಿದ್ದ. ಅದು ನೂಲಿಗಿಂತ ಸಪ್ಪಳವನ್ನೇ ಹೆಚ್ಚು ತೆಗೆಯುತ್ತಿತ್ತು. ಎರಡು ಬಾಗಿಲಿನ ಇಲಿಬೋನು ಮಾಡಿದ್ದ. ಇಲಿಗಳು ಒಂದರಿಂದ ಒಳಗೆ ಹೋಗಿ, ರೊಟ್ಟಿಚೂರು ತಿಂದು, ಇನ್ನೊಂದರಿಂದ ಹೊರಗೆ ಬರುತ್ತಿದ್ದವು. “ನಿಮ್ಮ ಬೋನಿಗಿ ಇಲಿಗೋಳು ಹಬ್ಬದ ಊಟಕ್ಕ ಬಂದಂಗ ಬರ್ತಾವ ನೋಡ್ರಿ” ಎಂದು ಹೆಂಡತಿ ರಾಮವ್ವ ನಗುತ್ತಿದ್ದಳು. ಹಾಗಂತ ಅವನನ್ನು ತೀರ ಹಗುರಾಗಿ ನೋಡುವಂತಿರಲಿಲ್ಲ. ಓಣಿಯ ಕೆಟ್ಟ ಟಾರ್ಚು, ರೇಡಿಯೊ, ಸ್ಟೋವುಗಳೆಲ್ಲ ಆ ಕೋಣೆಗೆ ಬಂದು ಬಹುಪಾಲು ನೆಟ್ಟಗಾಗಿಯೇ ಹೋಗುತ್ತಿದ್ದವು. ಕೆಟ್ಟದ್ದನ್ನು ಬಿಚ್ಚಬೇಕು, ಒಳಗೆ ನೋಡಬೇಕು, ನೋಡಿದರೆ ಕಾರಣ ಸಿಕ್ಕೇ ಸಿಗುತ್ತದೆ ಎಂಬುದು ಅವನ ನಂಬಿಕೆ. ಅವನಿಗೆ ಇದ್ದದ್ದು ಅದೊಂದೇ ನಂಬಿಕೆ ಎಂದರೂ ನಡೆದೀತು.

ಅಂಥವನ ಅವ್ವನ ತಲೆಯೇ ಕೆಡಬೇಕೆ? ತಲೆಯನ್ನು ಬಿಚ್ಚಿ ನೋಡಲು ಬರುವುದಿಲ್ಲವಲ್ಲ.

ಬೋರವ್ವನ ಮರೆವು ಮೊದಮೊದಲು ಸಣ್ಣದಾಗಿಯೇ ಬಂತು. ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ರಾಮವ್ವನನ್ನು ಎಂದೋ ಸತ್ತ ತನ್ನ ತಂಗಿ ಸೋಮವ್ವನ ಹೆಸರು ಹಿಡಿದು ಕರೆದಳು. ವಯಸ್ಸಾಯಿತು ಎಂದು ಎಲ್ಲರೂ ನಕ್ಕರು. ಆಮೇಲೆ ಒಂದು ಸಂಜೆ ಕೋಲು ಹಿಡಿದು ಹೊಸ್ತಿಲು ದಾಟಿದಳು. “ಕುರಿ ಇನ್ನಾ ಬರವಲ್ಲವು, ಮರಿ ಹಸದು ಒದರಾಕ ಹತ್ಯಾವು” ಎಂದು ಹೊರಟವಳು ಬನಶಂಕರಿಯ ಹೊಂಡದ ಕಟ್ಟಕಡೆಯ ಮೆಟ್ಟಿಲ ಮೇಲೆ, ನೀರಿಗೆ ಕಾಲಿಟ್ಟುಕೊಂಡು ಕೂತಲ್ಲಿ ಸಿಕ್ಕಳು. ಇನ್ನೊಮ್ಮೆ ಹತ್ತಿಯ ಲಾರಿ ಹತ್ತಿ ಕುಳಗೇರಿ ಕ್ರಾಸಿಗೇ ಹೋಗಿಬಿಟ್ಟಿದ್ದಳು. ಅವಳ ಹಿರಿಯ ಮಗ ಬೀರಲಿಂಗಪ್ಪನ ಚಹಾದಂಗಡಿ ಇದ್ದದ್ದು ಅಲ್ಲೇ ಎಂದು ಬಚಾವು. ಅವನ ಮುಂದೆಯೇ ಲಾರಿಯಿಂದ ಇಳಿದು, “ನಮ್ಮ ಕುರಿ ಈ ಕಡೆ ಬಂದಾವೇನಪಾ?” ಎಂದು ಹೆತ್ತ ಮಗನನ್ನೇ ಕೇಳಿದಳಂತೆ.

ಬೀರಲಿಂಗಪ್ಪ ಅವಳನ್ನು ಬಸ್ಸಿನಲ್ಲಿ ಕರೆತಂದು ಬಿಟ್ಟವನು, ಕಟ್ಟೆಯ ಮೇಲೆ ಕೂತು ಒಂದೇ ಮಾತು ಹೇಳಿದ. “ಲೇ ಹುಲ್ಲ್ಯಾ, ನೀ ಬಾದಾಮಿಗಿ ಹೋಗ್ತಿ, ರಾಮವ್ವ ಕೂಲಿಗಿ ಹೋಗ್ತಾಳ. ಮುದುಕಿ ಕೋಣಿಗಿ ಒಂದ ಕೀಲಿ ಹಾಕು.”

“ಅವ್ವಗ ಕೀಲಿ ಹಾಕಂಗಿಲ್ಲ ಅಣ್ಣಾ.”

“ಮತ್ತ ನಾ ದಿನಾ ಅಕಿನ್ನ ಲಾರಿಯಿಂದ ಇಳಿಸ್ಕೊಂತ ಕುಂದರ್ಲೇನು? ಹೊಂಡದಾಗ ಹೆಣಾ ತೇಲಿದ ಮ್ಯಾಲೆ ಕೀಲಿ ತರ್ತಿಯೇನು?”

ದವಾಖಾನೆ ಆಗಿತ್ತು, ವಯಸ್ಸಿನ ಮರೆವಿಗೆ ಗುಳಿಗೆ ಇಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಬೀರಪ್ಪನ ಗುಡಿಯ ಭಂಡಾರ ಆಗಿತ್ತು. ಹಣೆ ತುಂಬ ಅರಿಸಿನ ಬಡಿದುಕೊಂಡ ಅವ್ವ ಮರುದಿನವೇ ಕೋಲು ಹುಡುಕಿದ್ದಳು. ಉಳಿದದ್ದು ಹುಲ್ಲಪ್ಪನ ಎರಡು ಕೈ, ಒಂದು ತಗಡಿನ ಕೋಣೆ. ಅಣ್ಣನ ಬಸ್ಸು ಹೋದ ಮೇಲೆ ಅವನು ನೆಟ್ಟಗೆ ಆ ಕೋಣೆಗೇ ಹೋದ.

ಹಲವು ಸಂಜೆ ಕೂತು ಅವನು ಮಾಡಿದ್ದು ಒಂದು ಚಿಲಕ. ಹಿತ್ತಲ ಕಡೆಗೆ ತೆರೆಯುವ ಬೋರವ್ವನ ಕೋಣೆಯ ಬಾಗಿಲಿಗೆ ಅದನ್ನು ಕೂರಿಸಿದ. ಹೊರಗಿನಿಂದ ಬೇರೆಯೇ ಒಂದು ಹಿಡಿಕೆ, ಕೂಸು ಕೂಡ ತೆಗೆಯಬಹುದಾದದ್ದು. ಒಳಗಿನಿಂದ ತೆಗೆಯಲು ಮಾತ್ರ ಮೂರು ಕೆಲಸ ಮಾಡಬೇಕು: ಗುಂಡಿಯನ್ನು ಮೇಲೆ ಎತ್ತಬೇಕು, ಪಟ್ಟಿಯನ್ನು ಪಕ್ಕಕ್ಕೆ ದಬ್ಬಬೇಕು, ಆಮೇಲೆ ಮರದ ಪೆಟ್ಟಿಗೆಯೊಳಗಿಂದ ಹೊರಬಂದಿರುವ ಕಬ್ಬಿಣದ ಕೊಕ್ಕೆಯನ್ನು ಜಗ್ಗಬೇಕು. ಬುದ್ಧಿ ನೆಟ್ಟಗಿದ್ದವರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಕುರಿಯ ಹಿಂದೆ ಹೊರಟ ಬುದ್ಧಿಗೆ ಅದು ಗೋಡೆ.

“ಇದು ಕೀಲಿ ಅಲ್ಲ” ಎಂದ ರಾಮವ್ವನಿಗೆ. “ಅವ್ವನ ತಲಿ ಸುದ್ದ ಆದ ದಿನ ತಾನ ತಕ್ಕೊಂಡು ಹೊರಗ ಬರ್ತಾಳ. ನಾ ತಡಿಯಂಗಿಲ್ಲ, ನೀನೂ ತಡೀಬ್ಯಾಡ.”

ಬೇರೆ ಹೆಸರಿಟ್ಟ ಮಾತ್ರಕ್ಕೆ ಬೀಗ ಬೀಗವಲ್ಲದೆ ಹೋಗುತ್ತದೆಯೇ ಎಂದು ರಾಮವ್ವನೂ ಕೇಳಲಿಲ್ಲ, ನಾವೂ ಕೇಳುವುದು ಬೇಡ. ಅವ್ವನನ್ನು ಕೂಡಿಹಾಕಿದೆ ಎಂಬ ಮಾತು ಆ ಮನುಷ್ಯನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅದಕ್ಕೇ ಅವನು ಆ ಚಿಲಕದಲ್ಲಿ ತನ್ನ ಆಸೆಯನ್ನೂ ಸೇರಿಸಿ ಕೂರಿಸಿದ್ದ. ಒಂದಲ್ಲ ಒಂದು ಸಂಜೆ ತಾನು ಬರುವಷ್ಟರಲ್ಲಿ ಆ ಬಾಗಿಲು ತೆರೆದಿರುತ್ತದೆ, ಅವ್ವ ಕಟ್ಟೆಯ ಮೇಲೆ ಕೂತು ‘ಯಾಕೋ ಹುಲ್ಲ್ಯಾ ಇಷ್ಟೊತ್ತು’ ಎನ್ನುತ್ತಾಳೆ ಎಂದು ಕಾಯುತ್ತಿದ್ದ. ಸೈಕಲ್ ಒಳಗೆ ತರುವಾಗ ಅವನ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ಬಾಗಿಲಿಗೇ.

ಮೊದಲ ತಿಂಗಳುಗಳಲ್ಲಿ ದಿನಾ ಬೆಳಿಗ್ಗೆ ಪಾಠ ನಡೆಯಿತು. ಅವ್ವನ ಪಕ್ಕ ಕೂತು, ಅವಳ ಒರಟು ಬೆರಳುಗಳನ್ನು ತನ್ನ ಬೆರಳಿನಲ್ಲಿ ಹಿಡಿದು ಚಿಲಕದ ಮೇಲೆ ಇಡುತ್ತಿದ್ದ. “ಯವ್ವಾ, ಹಿಂಗ ಎತ್ತು. ಹಿಂಗ ದಬ್ಬು. ಈಗ ಜಗ್ಗು. ಆತು ನೋಡು, ತಗೀತು.”

“ಎತ್ತು, ದಬ್ಬು, ಜಗ್ಗು” ಎಂದು ಅವಳೂ ಹಾಡಿನಂತೆ ಹೇಳುತ್ತಿದ್ದಳು. ಕೈ ಬಿಟ್ಟರೆ ಮುಗಿಯಿತು. ಗುಂಡಿಯನ್ನು ಎತ್ತಿ ಹಿಡಿದು, ಮುಂದೇನು ಎಂದು ಅವನ ಮುಖ ನೋಡುತ್ತಿದ್ದಳು. “ನೀ ಭಾಳ ಶ್ಯಾಣ್ಯಾ ಅದಿ. ಯಾರ ಮಗ ನೀ?” ಎಂದು ಕೇಳುತ್ತಿದ್ದಳು. ಅವನು ನಿನ್ನ ಮಗ ಎನ್ನಲಾರದೆ, ಅಲ್ಲ ಎನ್ನಲಾರದೆ, ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದ.

ಚಳಿಗಾಲ ಕಳೆಯುವಷ್ಟರಲ್ಲಿ ಪಾಠ ತೆಳ್ಳಗಾಯಿತು. ಒಂದು ದಿನ ಕಚೇರಿಗೆ ತಡವಾಯಿತು, ಇನ್ನೊಂದು ದಿನ ಮನಸ್ಸು ಬರಲಿಲ್ಲ. ದಿನಾ ಬೆಳಿಗ್ಗೆ ಅದೇ ಸೋಲನ್ನು ನೋಡಿ ಸೈಕಲ್ ಹತ್ತುವುದು ಯಾರಿಗೆ ಬೇಕು? ಪಾಠ ನಿಂತಿತು ಎಂದು ಅವನು ಎಂದೂ ಅಂದುಕೊಳ್ಳಲಿಲ್ಲ, ನಾಳೆ ಮಾಡಿದರಾಯಿತು ಎಂದುಕೊಂಡ. ಪಾಠದ ಬದಲಿಗೆ ಚಿಲಕಕ್ಕೆ ಎಣ್ಣೆ ಹಾಕತೊಡಗಿದ. ಅಮಾವಾಸ್ಯೆಗೊಮ್ಮೆ ಅಡುಗೆಮನೆಯ ಕುಸುಬಿ ಎಣ್ಣೆಯ ತಂಬಿಗೆ ತಂದು, ಮರದ ಪೆಟ್ಟಿಗೆಯ ತೂತಿನಲ್ಲಿ ಧಾರಾಳವಾಗಿ ಸುರಿಯುತ್ತಿದ್ದ. ಅವ್ವ ತೆಗೆಯುವ ದಿನ ಅದು ಬೆಣ್ಣೆಯಂತೆ ಜಾರಬೇಕು ಎಂಬುದು ಅವನ ಲೆಕ್ಕ.

ಕುಸುಬಿ ಎಣ್ಣೆಯೇ ಯಾಕೆಂದರೆ ಅವನಿಗೆ ಗೊತ್ತಿದ್ದ ಎಣ್ಣೆ ಅದೇ. ಅದನ್ನು ಕಲಿಸಿದವಳೂ ಬೋರವ್ವನೇ. ಕುರಿಯ ಉಣ್ಣೆ ಕತ್ತರಿಸುವ ದೊಡ್ಡ ಕತ್ತರಿಗೆ ಅವಳು ಜೀವಮಾನವಿಡೀ ಕುಸುಬಿ ಎಣ್ಣೆ ಹಚ್ಚಿದ್ದಳು. “ಮನಷ್ಯಾ ಉಣ್ಣೂ ಎಣ್ಣೀನ ಕಬ್ಬಿಣಕ್ಕೂ ಕೊಡಬೇಕಪಾ, ಅದಕ್ಕೂ ಹಸಿವಿರ್ತೈತಿ” ಎನ್ನುತ್ತಿದ್ದಳು. ಎಣ್ಣೆ ಹಚ್ಚಿದ ಮೇಲೆ ಒಂದು ಹಿಡಿ ಉಣ್ಣೆಯಿಂದ ಅದನ್ನು ಹೊಳೆಯುವ ತನಕ ಒರೆಸುತ್ತಿದ್ದಳು. ಎಣ್ಣೆಯ ಮಾತು ಹುಲ್ಲಪ್ಪನಿಗೆ ನೆನಪಿತ್ತು, ಒರೆಸುತ್ತಿದ್ದದ್ದು ನೆನಪಿರಲಿಲ್ಲ. ಮನೆಯ ದೀಪದ ಗೂಡಿನಲ್ಲಿ ಚೆಲ್ಲಿದ ಕುಸುಬಿ ಎಣ್ಣೆ ಒಣಗಿ, ಉಗುರಿಗೂ ಏಳದ ಹಳದಿ ಹಕ್ಕಳೆಯಾಗಿ ಕೂತಿತ್ತು. ಬೀರಪ್ಪನ ಕಲ್ಲಿನ ಮೇಲೂ ಅದೇ ಅಂಟು. ಹುಟ್ಟಿದಾಗಿನಿಂದ ಅದನ್ನು ನೋಡುತ್ತಲೇ ಬಂದಿದ್ದ. ಕಣ್ಣೆದುರಿಗೇ ಇದ್ದದ್ದು ಅವನ ತಲೆಗೆ ಹೋಗಲಿಲ್ಲ.

ಹೊರಗಿನ ಹಿಡಿಕೆ ದಿನಾ ಹತ್ತು ಸಲ ಆಡುತ್ತಿತ್ತು, ಅದಕ್ಕೇನೂ ಆಗಲಿಲ್ಲ. ಒಳಗಿನ ಕೊಕ್ಕೆಯನ್ನು ಮಾತ್ರ ಯಾರೂ ಜಗ್ಗುತ್ತಿರಲಿಲ್ಲ. ಬೇಸಿಗೆ ಬಂತು. ಬಾದಾಮಿಯ ಗುಡ್ಡಗಳು ಕಾದವು, ಗೋಡೆಗಳು ಕಾದವು, ಆ ಮರದ ಪೆಟ್ಟಿಗೆಯೂ ಕಾಯಿತು.

ಅದೊಂದು ಸಂಜೆ ಹುಲ್ಲಪ್ಪ ಓಣಿಯ ತಿರುವಿನಲ್ಲಿ ಸೈಕಲ್ ಇಳಿಯುವಷ್ಟರಲ್ಲಿ, ಪಕ್ಕದ ಮನೆಯ ಅಮೀನಬಿ ಎದುರಿಗೆ ಬಂದಳು. ಬೋರವ್ವನ ಓರಿಗೆಯ ಮುದುಕಿ, ಮೊಣಕಾಲು ನೋವು, ಹೊಸ್ತಿಲು ಬಿಟ್ಟು ಇಳಿಯುವವಳಲ್ಲ. ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

“ಹುಲ್ಲಪ್ಪ, ಲಗೂನ ಹೋಗಪಾ. ನಿಮ್ಮವ್ವ ಶಾಣೇಕಿ ಆಗ್ಯಾಳ. ಮಧ್ಯಾನ್ನದಿಂದ ಕಿಡಕ್ಯಾಗ ನನ್ನ ಕೂಡ ಮಾತಾಡ್ಯಾಳ. ಅಮೀನಾ ಅಂತ ಹೆಸರ ಹಿಡದು ಕರದಳಪಾ. ನನ್ನ ಮಗಳು ನಜಮಾನ ಹೆಸರ ಹೇಳಿ, ಅಕಿ ಹಡದಳೇನು ಅಂತ ಕೇಳಿದಳು.”

ಹುಲ್ಲಪ್ಪನ ಕೈಯಿಂದ ಸೈಕಲ್ ಜಾರಿತು. “ನನ್ನ ಕೇಳಿದಳೇನು?”

“ಮತ್ತ ಯಾರನ್ನ ಕೇಳ್ತಾಳ? ಹುಲ್ಲ್ಯಾ ಯಾವಾಗ ಬರ್ತಾನ, ಹುಲ್ಲ್ಯಾ ಉಂಡು ಹೋಗ್ಯಾನೋ ಇಲ್ಲೋ, ಅದ ಮಾತು. ಕುರಿ ಮಾರಿದ್ದೂ ನೆನಪೈತಿ ಅಕಿಗಿ. ನಿಮ್ಮಪ್ಪ ಸತ್ತದ್ದೂ ನೆನಪೈತಿ. ಒಂದೀಟು ಅತ್ತಳು ಪಾಪ. ಆಮ್ಯಾಲೆ, ತಡಿ ಅಮೀನಾ, ನಾನ ಹೊರಗ ಬರ್ತೇನಿ, ಹುಲ್ಲ್ಯಾ ನನಗ ಹೇಳಿಕೊಟ್ಟಾನ ಅಂದಳು.”

“ಬಂದಳೇನು?”

ಅಮೀನಬಿಯ ನಗು ಅಲ್ಲಿಗೆ ಸಣ್ಣಗಾಯಿತು. “ಬಾಗಲಾ ತಗೀಲಿಲ್ಲಪಾ. ಭಾಳ ಹೊತ್ತು ಬಡದಾಡಿದಳು. ನಿಮ್ಮ ಮುಂದಿನ ಬಾಗಲಕ್ಕ ರಾಮವ್ವ ಕೀಲಿ ಹಾಕ್ಕೊಂಡು ಹೋಗಿದ್ದಳು, ಹಿತ್ತಲ ದಣಪಿಗಿ ಒಳಗಿಂದ ಅಗಳಿ, ನಾ ಒಳಗ ಹ್ಯಾಂಗ ಬರ್ಲಿ? ಯಾರನ್ನರ ಕರದು ಬಾಗಲಾ ಮುರಸ್ತೇನಿ ಅಂದೆ. ಅಕಿನ ಒಲ್ಲೆ ಅಂದಳು. ಬ್ಯಾಡ ಅಮೀನಾ, ಅದು ನನ್ನ ಮಗ ಮಾಡಿದ್ದು, ಮುರೀಬ್ಯಾಡ್ರಿ, ಅಂವಾ ಬಂದು ತಗೀತಾನ ಅಂದಳು.”

ಅವನು ಮುಂದಿನದನ್ನು ಕೇಳಲಿಲ್ಲ. ಮುಂಬಾಗಿಲಿನ ಬೀಗಕ್ಕೆ ಚಾವಿ ಹಾಕುವಾಗ ಅದು ಎರಡು ಸಲ ಕೆಳಗೆ ಬಿತ್ತು. ಪಡಸಾಲೆ ದಾಟಿ, ಅಡುಗೆಮನೆ ದಾಟಿ, ಹಿತ್ತಲಿಗೆ ಓಡಿದ. “ಯವ್ವಾ, ಬಂದೆ, ಬಂದೇನಿ ಯವ್ವಾ” ಎಂದು ದಾರಿಯುದ್ದಕ್ಕೂ ಕೂಗಿದ. ಹೊರಗಿನ ಹಿಡಿಕೆ ಎಂದಿನಂತೆ ಹಗುರಾಗಿ ತಿರುಗಿತು. ಬಾಗಿಲು ತೆರೆಯಿತು.

ಬೋರವ್ವ ಬಾಗಿಲಿನ ಬುಡದಲ್ಲೇ ಕಾಲು ಚಾಚಿ ಕೂತಿದ್ದಳು. ಸೆರಗು ಬೆವರಿಗೆ ತೊಯ್ದು ಮೈಗೆ ಅಂಟಿತ್ತು. ಬಲಗೈಯ ಎರಡು ಉಗುರು ಕಿತ್ತು ರಕ್ತ ಒಣಗಿತ್ತು. ಹುಲ್ಲಪ್ಪ ಅವಳೆದುರು ಕುಸಿದು ಕೂತು, ಆ ಕೈಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

“ಯವ್ವಾ, ನಾ ಹುಲ್ಲ್ಯಾ. ಬಂದೇನಿ ನೋಡು.”

ಅವಳು ತಲೆಯೆತ್ತಿದಳು. ಅವನ ಮುಖದ ಮೇಲೆ ಅವಳ ಕಣ್ಣು ಬಹಳ ಹೊತ್ತು ನಿಂತಿತು. ತುಟಿ ಅಲುಗಿತು, ಏನೋ ನೆನಪಾಗುವಂತೆ ಹುಬ್ಬು ಗಂಟಿಕ್ಕಿತು, ಆಮೇಲೆ ಸಡಿಲವಾಯಿತು.

“ಎತ್ತಿದೆ” ಎಂದಳು ದಣಿದ ದನಿಯಲ್ಲಿ. “ದಬ್ಬಿದೆ. ಜಗ್ಗಿದೆ. ಬರವಲ್ದಪಾ.” ಆಮೇಲೆ ಕೇಳಿದಳು, “ನೀ ಯಾರ ಪೈಕಿ? ಕುರಿ ಬಂದಾವೇನು?”

ಹುಲ್ಲಪ್ಪ ಎದ್ದು ಚಿಲಕಕ್ಕೆ ಕೈ ಹಾಕಿದ. ಗುಂಡಿ ಎತ್ತಿಯೇ ಇತ್ತು. ಪಟ್ಟಿ ಪಕ್ಕಕ್ಕೆ ಸರಿದೇ ಇತ್ತು. ತಿಂಗಳುಗಟ್ಟಲೆ ಅವನು ಕೈಹಿಡಿದು ಕಲಿಸಿದರೂ ಒಟ್ಟಿಗೆ ಕೂಡಿಬರದ ಎರಡು ಕೆಲಸವನ್ನು ಅವಳು ಒಬ್ಬಳೇ, ಒಂದೂ ತಪ್ಪದೆ ಮಾಡಿದ್ದಳು. ಮೂರನೆಯದನ್ನು ಅವನು ಜಗ್ಗಿದ. ಕೊಕ್ಕೆ ಅಲುಗಲಿಲ್ಲ. ಗೋಡೆಗೆ ಕಾಲು ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ಜಗ್ಗಿದ. ಆಗಲೂ ಅಲುಗಲಿಲ್ಲ.

ರಾಮವ್ವ ಹೊಲದಿಂದ ಬಂದಾಗ ಅವನು ತಗಡಿನ ಕೋಣೆಯಲ್ಲಿ ಕಂದೀಲಿನ ಮುಂದೆ ಕೂತಿದ್ದ. ಚಿಲಕವನ್ನು ಮೊಳೆಸಮೇತ ಕಿತ್ತು ತಂದು, ಮರದ ಪೆಟ್ಟಿಗೆಯನ್ನು ಉಳಿಯಿಂದ ಸೀಳಿದ್ದ. ಒಳಗೆ, ಕೊಕ್ಕೆಯ ಸುತ್ತ, ಹಳದಿ ಮೇಣದಂಥ ಅಂಟು ಬಿಗಿದು ಕೂತಿತ್ತು. ಮೂಗಿನ ಹತ್ತಿರ ಹಿಡಿದ. ಅಡುಗೆಮನೆಯ ವಾಸನೆ. ಅಮಾವಾಸ್ಯೆಗೊಂದರಂತೆ ತಾನೇ ಹಾಕಿದ ಪದರುಗಳು. ಕೆಟ್ಟದ್ದನ್ನು ಬಿಚ್ಚಿ ನೋಡಿದರೆ ಕಾರಣ ಸಿಗುತ್ತದೆ ಎಂದಿದ್ದನಲ್ಲ, ಸಿಕ್ಕಿತು.

“ಅಕಿ ಬಂದಿದ್ದಳು” ಎಂದ ಹೆಂಡತಿಗೆ. “ರಾಮವ್ವ, ಅವ್ವ ಬಂದಿದ್ದಳು. ಬಾಗಲದ ತನಕ ಬಂದಿದ್ದಳು. ನಾನ ಒಳಗ ಹಿಡದೆ.”

“ನೀವ ಬೇಕಂತ ಮಾಡೀರೇನ್ರಿ? ಏಳ್ರಿ.”

“ಪಾಠಾನರ ಬಿಡಬಾರದಿತ್ತು. ದಿನಾ ಒಮ್ಮಿ ಜಗ್ಗಿದ್ರೂ ಇದು ಹಿಂಗ ಆಗ್ತಿರಲಿಲ್ಲ. ಒಮ್ಮಿ ಜಗ್ಗಿದ್ರ ಸಾಕಿತ್ತು.” ಅವನು ಉಳಿಯನ್ನು ನೆಲಕ್ಕೆ ಬಿಸಾಡಿ, ಮಗುವಿನಂತೆ ಬಾಯಿ ತೆರೆದು ಅತ್ತ. ರಾಮವ್ವ ಅವನನ್ನು ಅಷ್ಟು ವರ್ಷದಲ್ಲಿ ಹಾಗೆ ಕಂಡವಳಲ್ಲ. ಕಂದೀಲಿನ ಬತ್ತಿ ಸಣ್ಣಗೆ ಮಾಡಿ ಅವನ ಪಕ್ಕ ಕೂತಳು.

ಮರುದಿನದಿಂದ ಅವನಿಗೆ ಹುಚ್ಚು ಹಿಡಿದಂತಾಯಿತು. ಕಚೇರಿಗೆ ರಜೆ ಹಾಕಿದ. ಚಿಲಕದ ಒಂದೊಂದು ತುಂಡನ್ನೂ ಸೀಮೆಎಣ್ಣೆಯಲ್ಲಿ ನೆನೆಹಾಕಿ, ತಿಕ್ಕಿ, ಹೊಸ ಪೆಟ್ಟಿಗೆ ಮಾಡಿ ಮತ್ತೆ ಕೂರಿಸಿದ. ಈಗ ಕೊಕ್ಕೆ ಕಿರುಬೆರಳಿಗೂ ಜಾರುತ್ತಿತ್ತು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅವ್ವನ ಪಕ್ಕ ಕೂತು ಪಾಠ ಹೇಳಿದ. ತನ್ನ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಅಮೀನಬಿಯನ್ನು ಕಿಟಕಿಗೆ ಕರೆದು ಮಾತಾಡಿಸಿದ. ಆ ಮಧ್ಯಾಹ್ನ ಏನು ಉಂಡಿದ್ದಳೋ ಅದನ್ನೇ ಉಣಿಸು, ಅದೇ ಸೀರೆ ಉಡಿಸು ಎಂದು ರಾಮವ್ವನ ಜೀವ ತಿಂದ. ಅವಳು ರೊಟ್ಟಿ, ಹಿಂಡಿಪಲ್ಲೆ ಮಾಡಿಕೊಟ್ಟಳು. ಬೋರವ್ವ ಉಂಡು, ಕೈ ತೊಳೆದು, ಕುರಿಯನ್ನು ಕೇಳಿದಳು.

ಒಮ್ಮೆ ಬಂದದ್ದು ಇನ್ನೊಮ್ಮೆ ಬಂದೀತು ಎಂದು ಅವನು ಕಾದ. ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತು, ಒಳಗಿನ ಸಪ್ಪಳಕ್ಕೆ ಕಿವಿ ಕೊಟ್ಟು ಕಾದ. ರಜೆ ಮುಗಿಯಿತು, ಬೇಸಿಗೆ ಮುಗಿಯಿತು, ಮೊದಲ ಮಳೆ ಹನಿಯಿತು. ಒಳಗಿನಿಂದ ಯಾರೂ ಹುಲ್ಲ್ಯಾ ಎಂದು ಕರೆಯಲಿಲ್ಲ. ಬೀರಲಿಂಗಪ್ಪ ಕುಳಗೇರಿ ಕ್ರಾಸಿನಿಂದ ಬಂದು ತಮ್ಮನ ಮುಖ ನೋಡಿದವನು, ಬೀಗದ ಮಾತು ಎತ್ತದೆ, ಅವ್ವನ ಮುಂದೆ ಚಹಾಪುಡಿಯ ಪೊಟ್ಟಣ ಇಟ್ಟು ಹೋದ.

ಕೊನೆಗೆ ಒಂದು ಭಾನುವಾರ ಹುಲ್ಲಪ್ಪ ಇಕ್ಕಳ, ಸುತ್ತಿಗೆ ತಂದು ಬಾಗಿಲಿನ ಬಿಜಾಗರಿಗಳನ್ನೇ ಬಿಚ್ಚಿದ. ಚಿಲಕವನ್ನಷ್ಟೇ ತೆಗೆದರೆ ಅವನಿಗೆ ಸಮಾಧಾನವಾಗುತ್ತಿರಲಿಲ್ಲ. ಕದವನ್ನು ಹೊತ್ತು ತಗಡಿನ ಕೋಣೆಯ ಗೋಡೆಗೆ ಒರಗಿಸಿದ. ಹೋದರೆ ಹೋಗಲಿ, ತಾನೂ ಅವಳ ಹಿಂದೆ ಹೋಗುತ್ತೇನೆ, ಹೊಂಡಕ್ಕಾದರೆ ಹೊಂಡಕ್ಕೆ, ಲಾರಿಯಾದರೆ ಲಾರಿ, ನೌಕರಿ ಹಾಳಾಗಿ ಹೋಗಲಿ ಎಂದು ಹೆಂಡತಿಗೆ ಹೇಳಿದ. ರಾಮವ್ವ ಅವ್ವನ ಕೋಲನ್ನೂ ತಂದು ಗೋಡೆಗೆ ಆನಿಸಿ ಇಟ್ಟಳು.

ಬರಿಯ ಚೌಕಟ್ಟು ಉಳಿಯಿತು. ಅದರಾಚೆಗೆ ಹಿತ್ತಲು, ಅವನೇ ಅಗಳಿ ತೆಗೆದಿಟ್ಟ ಬೇಲಿಯ ದಣಪೆ, ಬಯಲು. ಸಂಜೆಯಾಗುತ್ತಿತ್ತು, ಯಾರದೋ ಕುರಿಗಳು ದೂರದಲ್ಲಿ ಮನೆಗೆ ಮರಳುತ್ತಿದ್ದವು. ಬೋರವ್ವನಿಗೆ ಅವುಗಳ ದನಿ ಕೇಳಿತು. ಅವಳು ಗೋಡೆ ಹಿಡಿದು ಎದ್ದಳು. ಹುಲ್ಲಪ್ಪನೂ ಕಟ್ಟೆಯಿಂದ ಎದ್ದ, ಕಾಲಿಗೆ ಚಪ್ಪಲಿ ಮೆಟ್ಟಿಕೊಂಡ.

ಅವಳು ಹೊಸ್ತಿಲ ತನಕ ಬಂದು ನಿಂತಳು. ಎದುರಿಗೆ ಏನೂ ಇರಲಿಲ್ಲ. ಉಗುರು ಇನ್ನೂ ಅರ್ಧ ಬೆಳೆದಿದ್ದ ಬಲಗೈಯನ್ನು ಮುಂದೆ ಚಾಚಿ, ಬಯಲಿನ ಗಾಳಿಯಲ್ಲಿ ಏನನ್ನೋ ಮೇಲಕ್ಕೆ ಎತ್ತಿದಳು. ಪಕ್ಕಕ್ಕೆ ದಬ್ಬಿದಳು. ಆಮೇಲೆ ಬೆರಳು ಮಡಚಿ, ಇದ್ದ ಶಕ್ತಿಯನ್ನೆಲ್ಲ ಹಾಕಿ ಜಗ್ಗಿದಳು. ಒಮ್ಮೆ ಜಗ್ಗಿದಳು, ಇನ್ನೊಮ್ಮೆ ಜಗ್ಗಿದಳು.

“ಯವ್ವಾ, ಬಾಗಲಾ ಇಲ್ಲಬೇ. ತಗದೇನಿ. ಬಾ.” ಹುಲ್ಲಪ್ಪ ಹೊರಗಿನಿಂದ ಎರಡೂ ಕೈ ಚಾಚಿದ.

“ಬರವಲ್ದಪಾ” ಎಂದಳು ಅವಳು, ಅವನನ್ನು ನೋಡದೆ. “ಇರಲಿ, ನನ್ನ ಮಗ ಮಾಡಿದ್ದು. ಅಂವಾ ಬಂದು ತಗೀತಾನ.” ತಿರುಗಿ ಹೋಗಿ ತನ್ನ ಕಂಬಳಿಯ ಮೇಲೆ ಗೋಡೆಗೆ ಒರಗಿ ಕೂತು, ಮಗನ ದಾರಿ ಕಾಯತೊಡಗಿದಳು.